ಕಪ್ಪು ಜೇನಿಗೂ ಒಂದು ಹೆಸರಿರಲಿ

ಸೊಲ್ಲಾಪುರವಾಗಲಿ, ಅಕ್ಕಲಕೋಟೆಯಾಗಲಿ, ನಮ್ಮ ಮಂಗಳೂರೇ ಆಗಲಿ, ಜೇನು ಕೊಳ್ಳುವವರು ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಕಪ್ಪಗಿದ್ದರೆ "ಇದು ಬೆಲ್ಲದ ಪಾಕ" ಎಂದು ಕೆಳಗಿಡುತ್ತಾರೆ. ಬಣ್ಣ ನೋಡಿ ಹೀಗೆ ತೀರ್ಪು ಕೊಡುವುದು ಸರಿಯಲ್ಲ. ಜೇನೆಲ್ಲ ಹೂವಿನಿಂದಲೇ ಬರುವುದಿಲ್ಲ.

ನಾನು ಕೆಲಸ ಮಾಡುವುದು ಈ ಕಬ್ಬಿನ ಸೀಮೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ. 2002ರಲ್ಲಿ ಸಾಂಗ್ಲಿ ಕಡೆ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಸೊಲ್ಲಾಪುರಕ್ಕೂ ಉತ್ತರ ಕರ್ನಾಟಕಕ್ಕೂ ಹಬ್ಬಿದ್ದನ್ನು ಇಲ್ಲಿನ ರೈತರು ಮರೆತಿಲ್ಲ. ಮರಾಠಿಯಲ್ಲಿ ಅದು 'ಲೋಕರಿ ಮಾವಾ'. ಎಲೆಯಡಿ ಕೂತು ರಸ ಹೀರುತ್ತದೆ, ಮಿಕ್ಕ ಸಕ್ಕರೆಯನ್ನು ಅಂಟು ಹನಿಯಾಗಿ ಹೊರಹಾಕುತ್ತದೆ. ಇಂಥ ಹಲವು ಕೀಟಗಳ ಸಿಹಿಹನಿಯನ್ನು ಜೇನ್ನೊಣಗಳು ಹೀರಿ ಗೂಡಿಗೆ ಒಯ್ಯುತ್ತವೆ. ಹೂವು ಕಡಿಮೆಯಾದ ಕಾಲದಲ್ಲಂತೂ ಹೆಚ್ಚು.

ಹವಾಯಿ ದ್ವೀಪಗಳ ಕಬ್ಬಿಗೆ ಆಸ್ಟ್ರೇಲಿಯಾದಿಂದ ಒಂದು ಜಿಗಿಹುಳು ಬಂದು ಸೇರಿತ್ತು. ಬೆಳೆಯನ್ನು ಹಾಳುಮಾಡಿದ್ದೂ ಅದೇ, ನೂರು ವರ್ಷದ ಹಿಂದೆ ಅಲ್ಲಿ ತೆಗೆದ ಜೇನಿನ ದೊಡ್ಡ ಪಾಲಿಗೆ ಮೂಲವಾದದ್ದೂ ಅದೇ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2014ರಲ್ಲಿ ಏಷ್ಯಾ ಮೂಲದ ಲ್ಯಾಂಟರ್ನ್‌ಫ್ಲೈ ಎಂಬ ಕೀಟ ಪತ್ತೆಯಾಯಿತು. ಅದರ ಸಿಹಿಹನಿಯಿಂದ ಆಗುವ ಜೇನು ಕಪ್ಪು, ಹೊಗೆಯ ವಾಸನೆಯದು. ಅಲ್ಲಿ ಕೆಲವರು ಕೀಟದ ಹೆಸರು ಹಾಕಿಯೇ ಅದನ್ನು ಮಾರುತ್ತಾರೆ.

"ಹುಳ ವಿಸರ್ಜಿಸಿದ್ದು ಜೇನಾಗುತ್ತದೆಯೇ?" ಎಂದು ಮೂಗು ಮುರಿಯುವವರಿಗೆ ಕಾನೂನೇ ಉತ್ತರ ಕೊಡುತ್ತದೆ. ನಮ್ಮ ಎಫ್‌ಎಸ್‌ಎಸ್‌ಎಐ ಕೊಡುವ ಜೇನಿನ ವ್ಯಾಖ್ಯಾನದಲ್ಲಿ ರಸ ಹೀರುವ ಕೀಟಗಳ ವಿಸರ್ಜನೆಯಿಂದ ಆಗುವ ಜೇನೂ ಸೇರಿದೆ. ಅಂತಾರಾಷ್ಟ್ರೀಯ ಕೋಡೆಕ್ಸ್ ಪ್ರಕಾರ 100 ಗ್ರಾಂ ಹೂಜೇನಿನಲ್ಲಿ ಫ್ರಕ್ಟೋಸ್, ಗ್ಲೂಕೋಸ್ ಸೇರಿ 60 ಗ್ರಾಂ ಇರಬೇಕು, ಸಿಹಿಹನಿಯ ಜೇನಿಗೆ 45 ಗ್ರಾಂ ಸಾಕು. ಇದರಲ್ಲಿ ಖನಿಜಾಂಶ ಹೆಚ್ಚಿರುವುದರಿಂದ ವಿದ್ಯುತ್ ವಾಹಕತೆಯೂ ಹೆಚ್ಚು, ಸೆಂಟಿಮೀಟರಿಗೆ 0.8 ಮಿಲಿಸೀಮೆನ್ಸ್‌ಗಿಂತ ಕಡಿಮೆ ಇರಬಾರದು. ಬಾಯ್ಲರ್ ನೀರು ಪರೀಕ್ಷಿಸಲು ನಾವು ಬಳಸುವಂಥದ್ದೇ ಮೀಟರ್ ಇದನ್ನೂ ಅಳೆಯುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿಯುವುದಕ್ಕಿಂತ ಅದು ವಾಸಿ.

ಒಂದು ಆಕ್ಷೇಪವನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಹುಳ ಕಂಡಲ್ಲಿ ರೈತ ಔಷಧ ಹೊಡೆಯುತ್ತಾನೆ, ಆ ವಿಷ ಸಿಹಿಹನಿಗೂ ಸೇರಬಹುದು. ಹಾಗಾಗಿ ಔಷಧ ಹೊಡೆದ ಹೊಲದ ಜೇನು ಬೇಡವೇ ಬೇಡ. ಉಣ್ಣೆ ಹೇನನ್ನು ಹತೋಟಿಗೆ ತರಲು ಅದನ್ನು ತಿನ್ನುವ ಡಿಫಾ, ಮೈಕ್ರೋಮಸ್ ಕೀಟಗಳು ನೆರವಾದವು ಎಂಬುದನ್ನು ಇಲ್ಲಿ ನೆನಪಿಸಬೇಕು.

ನನ್ನ ಉಪ್ಪನ ಜೀನಸು ಅಂಗಡಿಯಲ್ಲಿ ಸಾಮಾನನ್ನು ಊರಿನ ಹೆಸರು ಹೇಳಿಯೇ ಮಾರುತ್ತಿದ್ದರು. ಬ್ಯಾಡಗಿ ಮೆಣಸು ಬೇರೆ, ಗುಂಟೂರು ಮೆಣಸು ಬೇರೆ. ಎರಡನ್ನೂ ಬೆರೆಸಿ ಒಂದೇ ಹೆಸರಲ್ಲಿ ಮಾರಿದರೆ ಅದು ಮೋಸ. ಜೇನಿಗೂ ಇದೇ ನ್ಯಾಯ. ಕೀಟದ ಸಿಹಿಹನಿಯ ಜೇನು ಮಾರುವುದು ತಪ್ಪಲ್ಲ, ಅದನ್ನು ಹೂಜೇನೆಂದು ಮಾರುವುದು ತಪ್ಪು. ನಮ್ಮ ಸಮುದಾಯದಲ್ಲಿ ಅಂಗಡಿ ಇಟ್ಟವರು ಎಷ್ಟೋ ಮಂದಿ. ಸರಬರಾಜುದಾರನನ್ನು "ಇದು ಯಾವುದರ ಜೇನು?" ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸಿ. ಬೇಕೋ ಬೇಡವೋ ಎಂಬುದನ್ನು ಗಿರಾಕಿ ತೀರ್ಮಾನಿಸಲಿ.