ಚಾರ್ಲಿಗೆ ಸೀಟಿಲ್ಲ!



ತೆರೆಯ ಮೇಲೆ ನಾಯಿ ಬಂದರೆ ಸಿಳ್ಳೆ ಹೊಡೆಯೋದು ನಮಗೆ ಹೊಸದೇನಲ್ಲ. 1985ರ ಹಿಂದಿ ಚಿತ್ರ ‘ತೇರಿ ಮೆಹರ್ಬಾನಿಯಾ’ ನಮ್ಮ ಶಂಕರ್‌ನಾಗ್ ಅಭಿನಯದ ‘ತಾಳಿಯ ಭಾಗ್ಯ’ದ ರೀಮೇಕು. ಆಮೇಲೆ 2022ರ ಜೂನ್ 10ರಂದು ಬಂತು ನೋಡಿ ‘777 ಚಾರ್ಲಿ’! ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶನ, ರಕ್ಷಿತ್ ಶೆಟ್ಟಿ ನಾಯಕ. ಚಪ್ಪಾಳೆ ಮಾತ್ರ ಲ್ಯಾಬ್ರಡಾರಿಗೆ!

ಮೊನ್ನೆ ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ನನ್ನನ್ನು ಹಿಡಿದುಕೊಂಡ. “ಅಣ್ಣಾ, ಚಾರ್ಲಿ ನೋಡಿ ನಾನೂ ಲ್ಯಾಬ್ರಡಾರ್ ಸಾಕ್ದೆ. ಈಗ ದಿಲ್ಲೀಲಿ ಕೆಲ್ಸ ಸಿಕ್ಕಿದೆ. ವಿಮಾನದಲ್ಲಿ ಪಕ್ಕದ ಸೀಟಲ್ಲೇ ಕೂರಿಸ್ಕೊಂಡು ಹೋಗ್ಬಹುದಾ?”

ಇಲ್ಲಪ್ಪಾ. 2008ರ ಮೇ ತಿಂಗಳಲ್ಲಿ ನಮ್ಮೂರ ಹೊಲದ ಪಕ್ಕಕ್ಕೇ ವಿಮಾನ ನಿಲ್ದಾಣ ಬಂತು, ನಿಜ. ಆದರೆ ಎಲ್ಲ ಕಂಪನಿಯೂ ನಾಯಿ ಹತ್ತಿಸಿಕೊಳ್ಳೋದಿಲ್ಲ. ಆಕಾಸಾ ಕಂಪನಿ 2022ರ ನವೆಂಬರಿನಲ್ಲಿ ಶುರುಮಾಡಿದಾಗ, ಒಡೆಯನ ಜೊತೆ ಒಳಗೆ ಬರೋ ನಾಯಿ ಬೋನೂ ಸೇರಿ 7 ಕಿಲೋ ಮೀರುವಂತಿರಲಿಲ್ಲ. ಬೆಳೆದ ಲ್ಯಾಬ್ರಡಾರ್ 25 ಕಿಲೋ ದಾಟುತ್ತೆ! ಅದು ಹೋಗಬೇಕಾದ್ದು ವಿಮಾನದ ಹೊಟ್ಟೆಯಲ್ಲಿ, ಸಾಮಾನಿನ ಜಾಗಕ್ಕೆ.

ಅಲ್ಲಿ ಗಾಳಿ ಇರುತ್ತೆ, ಆದರೆ ಕತ್ತಲು, ಗದ್ದಲ, ಒಂಟಿತನ. ಹತ್ತಿಸೋವಾಗ, ಇಳಿಸೋವಾಗ ಬೋನು ಬಿಸಿಲಲ್ಲಿ ಕಾಯಬೇಕಾಗಬಹುದು. ದಿಲ್ಲಿಯ ಮೇ ತಿಂಗಳ ಬಿಸಿಲು ಗೊತ್ತಲ್ಲ? 2003ರ ಹಚ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಾಡಿತಲ್ಲ, ಆ ಪಗ್ ಜಾತಿಯ ಚಪ್ಪಟೆ ಮೂತಿಗಂತೂ ಸೆಕೆಯಲ್ಲಿ ಉಸಿರಾಟವೇ ಕಷ್ಟ.

“ನಿದ್ದೆ ಮಾತ್ರೆ ಕೊಟ್ಟು ಮಲಗಿಸಿಬಿಟ್ರೆ?” ಅಂದ. ಬೇಡವೇ ಬೇಡ! ಮತ್ತು ಬಂದ ನಾಯಿಗೆ ಮೇಲೆ ಉಸಿರಾಟ, ರಕ್ತದೊತ್ತಡ ಏರುಪೇರಾದರೆ ನೋಡೋರು ಯಾರು? ಅದರ ಬದಲು ತಿಂಗಳು ಮೊದಲೇ ಬೋನು ತಂದು ಮನೆಯಲ್ಲಿಡು. ನಿಂತರೆ ತಲೆ ತಾಗಬಾರದು, ಒಳಗೇ ತಿರುಗುವಂತಿರಬೇಕು. ಅನ್ನ ಅದರೊಳಗೇ ಹಾಕು, ನಿನ್ನ ಹಳೇ ಅಂಗಿ ಹಾಸು. ಅದಾಗಿ ಅದೇ ಹೋಗಿ ಮಲಗಿದರೆ ಅರ್ಧ ಪ್ರಯಾಣ ಮುಗಿದಂತೆ. ರೇಬೀಸ್ ಲಸಿಕೆಯ ದಾಖಲೆ, ಪಶುವೈದ್ಯರ ಆರೋಗ್ಯಪತ್ರ ಕೈಲಿರಲಿ. ಟಿಕೆಟ್ಟಿಗೆ ಮೊದಲೇ ಕಂಪನಿಯನ್ನು ಕೇಳು.

ರೈಲೂ ಇದೆ. ಎ.ಸಿ. ಮೊದಲ ದರ್ಜೆಯಲ್ಲಿ ಇಡೀ ಕೂಪೆ ನಿನಗೇ ಸಿಕ್ಕರೆ ನಾಯಿ ನಿನ್ನ ಕಾಲ ಬುಡದಲ್ಲೇ ಇರುತ್ತೆ. ಚಿತ್ರದ ಧರ್ಮನೂ ಅಷ್ಟೇ, ಚಾರ್ಲಿಗೆ ಹಿಮ ತೋರಿಸೋಕೆ ಬೈಕಿಗೆ ಸೈಡ್‌ಕಾರ್ ಜೋಡಿಸಿಕೊಂಡು ಹೊರಟ.

“ಕೆಲಸ ಖಾಯಮ್ಮಾ?” ಅಂತ ಕೇಳಿದೆ. “ಆರು ತಿಂಗಳು ನೋಡ್ತಾರಂತೆ” ಅಂದ. ಹಾಗಾದ್ರೆ ಆರು ತಿಂಗಳು ಅದು ಅಮ್ಮನ ಹತ್ರಾನೇ ಇರಲಿ, ತಮ್ಮಾ. ನಾಯಿ ಸೇರಿಸೋ ಬಾಡಿಗೆ ಮನೆ ಸಿಗಲಿ, ಚಳಿಗಾಲ ಬರಲಿ. ಆಮೇಲೆ ಬಂದು ಕರ್ಕೊಂಡು ಹೋಗು.

ಹುಡುಗನ ಮುಖ ಸಪ್ಪಗಾಯಿತು. ಆಗಲಿ ಬಿಡಿ, ನಾಯಿ ಸುಖವಾಗಿರುತ್ತೆ. ಮುಂದಿನ ವಾರ ಸಿಗೋಣ!