ಖಾಲಿ ಉತ್ತರಕ್ಕೂ ಅಲಾರಂ ಬೇಕು

ಇಂಗ್ಲಿಷ್‌ನಲ್ಲಿ ನಮ್ಮ ಅಂಬರನಾಥದ ಹೆಸರನ್ನು ಎರಡು ಥರ ಬರೆಯುತ್ತಾರೆ. ಬಿ ಅಕ್ಷರದ ನಂತರ ಕೆಲವರು ಇ ಹಾಕುತ್ತಾರೆ, ಕೆಲವರು ಎ. ಇದರಿಂದ ಅಂಚೆಯವರಿಗಾಗಲಿ ರಿಕ್ಷಾದವರಿಗಾಗಲಿ ತೊಂದರೆಯಾದದ್ದನ್ನು ನಾನು ಕಂಡಿಲ್ಲ. ಕಳೆದ ಮಳೆಗಾಲದಲ್ಲಿ ಮಾತ್ರ ಆ ಒಂದಕ್ಷರ, ಇಲ್ಲಿನ ಎಂಐಡಿಸಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಫೋನು ಕೆಟ್ಟಿದ್ದನ್ನು ಸೋಮವಾರದವರೆಗೆ ಯಾರಿಗೂ ಗೊತ್ತಾಗದಂತೆ ಮುಚ್ಚಿಟ್ಟಿತು. ಯಾರಿಗೂ ಅಂದರೆ ತಪ್ಪಾಗುತ್ತದೆ. ರಿಸೆಪ್ಶನ್‌ನಲ್ಲಿ ಕೂರುವ ಹುಡುಗಿಗೆ ಶನಿವಾರ ಬೆಳಿಗ್ಗೆಯೇ ಗೊತ್ತಿತ್ತು.

ಅಕ್ಕನ ಗಂಡ, ನಮ್ಮ ಮಾಮಾ, ಆ ಕಾರ್ಖಾನೆಯ ಕಂಪ್ಯೂಟರು, ಕ್ಯಾಮೆರಾ, ಫೋನು ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಈಗಿನ ಆಫೀಸ್ ಫೋನು ಓಡುವುದು ಇಂಟರ್ನೆಟ್ ಮೇಲೆ. ಕರೆಗಳನ್ನು ಹೊರಗೆ ದಾಟಿಸುವ ದಾರಿಗೆ ಟ್ರಂಕ್ ಅನ್ನುತ್ತಾರೆ. ಅದರ ಮೇಲೆ ಕಣ್ಣಿಡಲು ಮಾಮಾ ಪ್ರಾಮಿಥಿಯಸ್ ಎಂಬ ಉಚಿತ ತಂತ್ರಾಂಶ ಹಾಕಿದ್ದರು. ಅದಕ್ಕೊಂದು ಕ್ವೆರಿ ಬರೆದುಕೊಟ್ಟರೆ ಬೇಸರವಿಲ್ಲದೆ ಅದನ್ನೇ ಮತ್ತೆ ಮತ್ತೆ ಕೇಳುತ್ತಿರುತ್ತದೆ: ಈ ಹೆಸರಿನ ಟ್ರಂಕ್‌ನಲ್ಲಿ ವಿಫಲವಾದ ಕರೆಗಳು ಐದಕ್ಕಿಂತ ಹೆಚ್ಚಿವೆಯೇ? ಹೆಚ್ಚಿದ್ದರೆ ಮೊಬೈಲಿಗೆ ಸಂದೇಶ. ಶುಕ್ರವಾರ ರಾತ್ರಿ ಸೇವೆ ಕೊಡುವ ಕಂಪನಿಯ ಹುಡುಗ ಬಂದು ಟ್ರಂಕನ್ನು ಹೊಸದಾಗಿ ಕಟ್ಟಿದ. ಹೆಸರಿನಲ್ಲಿ ಇ ಇದ್ದಲ್ಲಿ ಎ ಬರೆದ. ಪಾಸ್‌ವರ್ಡನ್ನೂ ತಪ್ಪು ಹಾಕಿದ. ಹೊರಗೆ ಒಂದು ಕರೆಯೂ ಹೋಗಲಿಲ್ಲ.

ಕ್ವೆರಿ ಹಳೆಯ ಹೆಸರನ್ನೇ ಕೇಳುತ್ತಿತ್ತು. ಆ ಹೆಸರಿನ ಟ್ರಂಕೇ ಇಲ್ಲದ ಮೇಲೆ ಲೆಕ್ಕ ಎಲ್ಲಿಂದ ಬರಬೇಕು? ಉತ್ತರ ಖಾಲಿ. ಖಾಲಿ ಉತ್ತರಕ್ಕೆ ಪ್ರಾಮಿಥಿಯಸ್ ಅಲಾರಂ ಹೊಡೆಯುವುದಿಲ್ಲ. ಬೋರ್ಡ್ ಪೂರ್ತಿ ಹಸಿರು. ಸೋಮವಾರ ಮಾಲೀಕರು ರಿಸೆಪ್ಶನ್ ಹುಡುಗಿಯನ್ನೇ ಎಲ್ಲರೆದುರು ಬೈದರು, ಫೋನ್ ಕೆಟ್ಟರೆ ಹೇಳಬಾರದೇ ಎಂದು. ಅವತ್ತು ಸಂಜೆ ಮಾಮಾ ಚಹಾ ಮುಟ್ಟಲಿಲ್ಲ. "ತಪ್ಪು ನಂದೈತಿ ನೋಡವಾ. ಆಕಿ ಮೂರ ಸಲ ಹೇಳಿದ್ಲು. ನಾನ ಬೋರ್ಡ್ ನೋಡಿ, ಎಲ್ಲಾ ಸರಿ ಐತಿ, ಸುಮ್ಮ ಕೂಡ್ರು ಅಂದೆ."

ನಾನು ಹೊಟ್ಟೆಪಾಡಿಗೆ ಅನುವಾದ ಮಾಡುವವಳು. ಇಂಥ ತಂತ್ರಾಂಶಗಳ ಸೂಚನೆಗಳನ್ನೂ ಕನ್ನಡಕ್ಕೆ ತಂದಿದ್ದೇನೆ. 'ಮಾಹಿತಿ ಇಲ್ಲ' ಎಂದು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಎರಡು ಪದಕ್ಕೆ ಯಾರ ಕೆಲಸ ಹೋಗಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಹಾಗೆ ನೋಡಿದರೆ ಎಂಎಯಲ್ಲಿ ಒಂದಿಡೀ ಸೆಮಿಸ್ಟರ್ ಓದಿದ್ದು ಇದನ್ನೇ. 'ನೀರು ಕುಡಿದೆ' ಅನ್ನುತ್ತೇವೆ, 'ನೀರನ್ನು' ಅನ್ನಬೇಕಿಲ್ಲ. ಪ್ರತ್ಯಯ ಕಾಣದಿದ್ದರೂ ಅದರ ಜಾಗ ಅಲ್ಲಿದೆ, ಅರ್ಥ ಕೆಡುವುದಿಲ್ಲ. ಪಾಣಿನಿ ಇಂಥ ಕಾಣದಿರುವಿಕೆಗೆ ಲೋಪ ಎಂದು ಹೆಸರಿಟ್ಟು, ಅದನ್ನೂ ವ್ಯಾಕರಣದ ಲೆಕ್ಕಕ್ಕೆ ಸೇರಿಸಿದ. ಜಾಗ ಗೊತ್ತಿದ್ದರೆ ಮಾತ್ರ ಸೊನ್ನೆಗೆ ಅರ್ಥ. 'ವಿಫಲ ಕರೆಗಳು ಸೊನ್ನೆ' ಎಂಬುದು ಒಂದು ಉತ್ತರ. ಉತ್ತರವೇ ಬಾರದಿರುವುದು ಬೇರೆ ಸಂಗತಿ. ಬೋರ್ಡು ಎರಡಕ್ಕೂ ಒಂದೇ ಹಸಿರು ಬಳಿಯುತ್ತದೆ.

ಇದಕ್ಕೆ ಮದ್ದಿಲ್ಲ ಎಂದಲ್ಲ. ಪ್ರಾಮಿಥಿಯಸ್‌ನಲ್ಲಿ ಆಬ್ಸೆಂಟ್ ಎಂಬ ಫಂಕ್ಷನ್ ಇದೆ. ಕೇಳಿದ್ದು ಸಿಗದಿದ್ದಾಗಲೇ ಅದು ಉತ್ತರ ಕೊಡುತ್ತದೆ. ಗ್ರಫಾನಾದಲ್ಲಿ ಖಾಲಿ ಉತ್ತರವನ್ನು ಅಲಾರಂ ಎಂದು ತಿಳಿಯಬೇಕೋ, ಎಲ್ಲ ಸರಿ ಎಂದು ತಿಳಿಯಬೇಕೋ ಎಂಬುದನ್ನು ನಾವೇ ಆರಿಸಬಹುದು. ಕಾಟ ತಪ್ಪಲಿ ಎಂದು ಎರಡನೆಯದನ್ನು ಆರಿಸಿ ಕೈತೊಳೆದುಕೊಳ್ಳುವವರ ಬಗ್ಗೆ ನನ್ನ ತಕರಾರು. ಬೇಕೆಂದೇ ತೆಗೆದ ಟ್ರಂಕಿಗೂ ಆಗ ಅಲಾರಂ ಬರುತ್ತದಲ್ಲ ಅನ್ನುತ್ತಾರೆ. ಬರಲಿ. ತಿಂಗಳಿಗೊಮ್ಮೆ ಒಂದು ಸಾಲು ಅಳಿಸುವ ಕಷ್ಟ ಅಷ್ಟೇನೂ ದೊಡ್ಡದಲ್ಲ. ಒಂದು ಸಲವಾದರೂ ಬೇಕೆಂದೇ ಕೆಡಿಸಿ, ಅಲಾರಂ ಬಂತು ಎಂದು ಕಣ್ಣಾರೆ ನೋಡುವ ತನಕ ಯಾವ ಕ್ವೆರಿಯನ್ನೂ ನಂಬಬಾರದು. ಅದಕ್ಕಿಂತ ಸುಲಭದ ಪರೀಕ್ಷೆಯೂ ಇದೆ: ಗಂಟೆಗೊಮ್ಮೆ ವ್ಯವಸ್ಥೆಯಿಂದಲೇ ಹೊರಗಿನ ನಂಬರಿಗೊಂದು ಕರೆ ಮಾಡಿಸಿ ನೋಡುವುದು. ಟ್ರಂಕ್ 'ಬದುಕಿದ್ದೇನೆ' ಎಂದು ಉತ್ತರಿಸುತ್ತಿದ್ದರೂ ದನಿ ಒಂದೇ ಕಡೆ ಕೇಳುವ ದಿನಗಳಿರುತ್ತವೆ.

ಅಲಾರಂ ಬಂದರೂ ನಂಬದಿರುವುದು ಇನ್ನೊಂದು ಕಾಯಿಲೆ. 2023ರ ಮಾರ್ಚ್ 22ರಿಂದ ತ್ರೀಸಿಎಕ್ಸ್ ಎಂಬ ಆಫೀಸ್ ಫೋನ್ ಆ್ಯಪ್ ಮೇಲೆ ಸೆಂಟಿನೆಲ್‌ಒನ್ ಎಂಬ ರಕ್ಷಣಾ ತಂತ್ರಾಂಶ ಎಚ್ಚರಿಕೆ ಕೊಡತೊಡಗಿತು. ಸುಳ್ಳು ಅಲಾರಂ ಇರಬೇಕೆಂದು ಅನೇಕರು ಬದಿಗೆ ಸರಿಸಿದರು. ಆ್ಯಪ್‌ನ ಅಧಿಕೃತ ಅಪ್‌ಡೇಟಿನೊಳಗೇ ಕಳ್ಳರು ತಮ್ಮ ಕೋಡ್ ಸೇರಿಸಿದ್ದಾರೆಂದು ಜಗತ್ತಿಗೆ ತಿಳಿದದ್ದು 29ರಂದು. ಆ ಕಂಪನಿ ಆಗ ಹೇಳಿಕೊಳ್ಳುತ್ತಿದ್ದ ಗ್ರಾಹಕ ಸಂಸ್ಥೆಗಳ ಸಂಖ್ಯೆ 6 ಲಕ್ಷ. ದಿನಕ್ಕೆ ನೂರು ಹುಸಿ ಸಂದೇಶ ನೋಡಿದ ಮನುಷ್ಯ ನೂರಾ ಒಂದನೆಯದನ್ನು ನಂಬದಿದ್ದರೆ ತಪ್ಪು ಅವನೊಬ್ಬನದೇ ಅಲ್ಲ.

ನಾಕು ಆರ್ಡರ್ ತಪ್ಪಿದರೆ ಏನಾಯಿತು ಎಂದು ನಿಮಗೆ ಅನ್ನಿಸಬಹುದು. ನಮ್ಮ ಕಡೆಯ ಎಂಐಡಿಸಿಗಳಲ್ಲಿ ರಾಸಾಯನಿಕ ಘಟಕಗಳು ತುಂಬಾ ಇವೆ. ಬೇಗ ಹೊತ್ತಿಕೊಳ್ಳುವ ದ್ರಾವಕಗಳಿರುವ ಕಡೆ ಮಾಮೂಲಿ ಮೊಬೈಲ್ ಒಳಗೆ ಬಿಡುವಂತಿಲ್ಲ, ಗೋಡೆಯ ಫೋನೇ ಗತಿ. ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮೇ 26ರಂದು ಸ್ಫೋಟವಾಯಿತು, 2024ರ ಮೇ 23ರಂದು ಮತ್ತೆ. ಅಂಥ ಹೊತ್ತಿನಲ್ಲಿ 101 ಒತ್ತಿದವನಿಗೆ ಬೋರ್ಡ್ ಹಸಿರಿದ್ದು ಏನು ಉಪಯೋಗ?

ಮಾಮಾ ಈಗ ಸಂದೇಶದ ಮಾತನ್ನೂ ಬದಲಿಸಿದ್ದಾರೆ. ಮೊದಲು 'ಟ್ರಂಕ್ ಡೌನ್' ಎಂದಿತ್ತು. ಆ ಹುಡುಗಿ ಅವತ್ತು ಹಿಂದಿಯಲ್ಲಿ ಹೇಳಿದ್ದನ್ನೇ, 'ಹೊರಗೆ ಫೋನ್ ಹೋಗುತ್ತಿಲ್ಲ' ಎಂಬುದನ್ನು, ಈಗ ಹಾಗೇ ಹಾಕಿದ್ದಾರೆ. ಅವಳ ಮೇಜಿನಲ್ಲೂ ಒಂದು ಬಟನ್ ಇಟ್ಟಿದ್ದಾರೆ. ಒತ್ತಿದರೆ ಯಂತ್ರ ಕಳಿಸುವಂಥದ್ದೇ ಅಲಾರಂ ಮಾಮಾನ ಮೊಬೈಲಿಗೆ ಬರುತ್ತದೆ, ಬೋರ್ಡ್ ಯಾವ ಬಣ್ಣದಲ್ಲಿದ್ದರೂ. ಮಾಮಾ ಅವಳಲ್ಲಿ ಕ್ಷಮೆ ಕೇಳಿದರು. ಮಾಲೀಕರು ಇನ್ನೂ ಕೇಳಿಲ್ಲ.