ಕಲ್ಪಿತ ಭಾಷೆಯೂ ವ್ಯಾಕರಣದ ಪಾಠವೂ

ಎಲ್ಲಿಯೂ ಇಲ್ಲದ ಜನಕ್ಕೆ ಎಲ್ಲಿಯೂ ಇಲ್ಲದ ಭಾಷೆಯೊಂದನ್ನು ಕಲ್ಪಿಸಿ, ಅದರ ನಾಮಪದಗಳು ಬಹುವಚನದಲ್ಲಿ ಯಾವ ರೂಪವನ್ನು ತಾಳಬೇಕೆಂದು ಪ್ರೌಢ ವಿದ್ವಾಂಸರೊಬ್ಬರು ಬಹುಕಾಲ ಚಿಂತಿಸಿದರೆಂದರೆ, ಅದನ್ನು ಪಾಂಡಿತ್ಯದ ಅಪವ್ಯಯವೆಂದು ಎಣಿಸುವವರು ಕಡಮೆಯಿರಲಾರರು. 1925ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿ, 1954-55ರಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಮಹಾಕಥೆಯನ್ನು ಪ್ರಕಟಿಸಿದ ಜೆ. ಆರ್. ಆರ್. ಟೋಲ್ಕಿನ್ನರು ಅಂತಹ ವಿದ್ವಾಂಸರು. ಅವರು ತಮ್ಮ ಕಥೆಯ ಎಲ್ಫರೆಂಬ ಕಲ್ಪಿತ ಜನಕ್ಕಾಗಿ ರಚಿಸಿದ ವ್ಯಾಕರಣವು ವಿನೋದಮಾತ್ರವಲ್ಲ, ಭಾಷಾಶಿಕ್ಷಣಕ್ಕೆ ಒಂದು ಉತ್ತಮ ನಿದರ್ಶನವೆಂಬುದು ನನ್ನ ಮತ.

ಈ ಎಲ್ಫರಿಗೆ ಮುಖ್ಯವಾಗಿ ಎರಡು ಸೋದರ ಭಾಷೆಗಳು. ಕ್ವೆನ್ಯ ಎಂಬ ಪ್ರಾಚೀನ ಭಾಷೆಯಲ್ಲಿ ಬಹುವಚನವು ಪ್ರತ್ಯಯಸಾಧ್ಯ: ಎಲ್ಫನೆಂಬರ್ಥದ 'ಎಲ್ದ' 'ಎಲ್ದರ್' ಆಗುತ್ತದೆ, ಮಾನವನೆಂಬರ್ಥದ 'ಅತನ್' 'ಅತನಿ' ಆಗುತ್ತದೆ. ಸಿಂದರಿನ್ ಎಂಬ ಇನ್ನೊಂದರಲ್ಲಾದರೋ ಅದೇ ಮಾನವನು 'ಅದನ್', ಮಾನವರು 'ಎದೈನ್'. ಬೆಟ್ಟವು 'ಅಮೊನ್', ಬೆಟ್ಟಗಳು 'ಎಮಿನ್'. ಕೆಲವು ನಕ್ಷತ್ರಗಳು 'ಎಲಿನ್' ಆದರೆ, ಗಗನದ ಸಮಸ್ತ ತಾರಾಗಣಕ್ಕೆ 'ಎಲೆನಥ್' ಎಂಬ ಬೇರೊಂದು ಸಮುದಾಯವಾಚಕ ರೂಪವೇ ಉಂಟು.

'ಎದೈನ್', 'ಎಮಿನ್' ಎಂಬ ರೂಪಗಳಲ್ಲಿ ಪ್ರತ್ಯಯವೆಲ್ಲಿ ಎಂದು ಹುಡುಕಿದರೆ ದೊರೆಯದು. ಪದದೊಳಗಿನ ಸ್ವರಗಳೇ ಮಾರ್ಪಟ್ಟಿವೆ. ಈ ವಿಕಾರಕ್ಕೆ ಟೋಲ್ಕಿನ್ನರು ಕಲ್ಪಿಸಿದ ಕಾರಣವಿದು: ಅತಿಪೂರ್ವದಲ್ಲಿ ಸಿಂದರಿನ್ನಿಗೂ ಈಕಾರಾಂತವಾದ ಬಹುವಚನ ಪ್ರತ್ಯಯವಿದ್ದಿತು; ಮುಂದೆ ಬರಲಿರುವ ಆ ಈಕಾರದ ಉಚ್ಚಾರಣೆಗೆ ನಾಲಗೆಯು ಮೊದಲೇ ಸನ್ನದ್ಧವಾದುದರಿಂದ ಹಿಂದಿನ ಸ್ವರಗಳೂ ಅದರತ್ತ ವಾಲಿದುವು; ಕಾಲಾಂತರದಲ್ಲಿ ಪದಾಂತ್ಯವು ಸವೆದು ಈಕಾರವು ಲೋಪವಾಯಿತು, ಅದು ಉಂಟುಮಾಡಿದ ವಿಕಾರವು ಉಳಿಯಿತು. ಸಿಂದರಿನ್ ಕಳೆದುಕೊಂಡುದಕ್ಕೆ 'ಅತನಿ'ಯ ಕಡೆಯ ಇಕಾರವೇ ಸಾಕ್ಷಿ. ನಮ್ಮ 'ಹಾಲು' ಹಿಂದೆ 'ಪಾಲ್' ಆಗಿದ್ದಿತೆಂಬುದಕ್ಕೆ ಹಳಗನ್ನಡದೊಡನೆ ತಮಿಳೂ ಸಾಕ್ಷಿ ನುಡಿಯುವುದು ಇದೇ ರೀತಿಯಲ್ಲಿ.

ಇದು ಕೇವಲ ಕವಿಕಲ್ಪನೆಯಲ್ಲ. ಟೋಲ್ಕಿನ್ನರು ಅತ್ಯಂತ ಪ್ರೀತಿಸಿದ ವೆಲ್ಷ್ ಭಾಷೆಯಲ್ಲಿ ಕೊಂಬು 'ಕೊರ್ನ್', ಕೊಂಬುಗಳು 'ಕಿರ್ನ್'. ಇಂಗ್ಲಿಷಿನ 'ಫುಟ್' 'ಫೀಟ್' ಆಗುವುದೂ, 'ಮ್ಯಾನ್' 'ಮೆನ್' ಆಗುವುದೂ ಇಂತಹುದೇ ಲುಪ್ತ ಪ್ರತ್ಯಯದ ಪ್ರಭಾವದಿಂದ. ನಮ್ಮ ಮಕ್ಕಳಾದರೋ ಇವನ್ನು 'ನಿಯಮವಿಲ್ಲದ ರೂಪಗಳು' ಎಂಬ ಪಟ್ಟಿಯಲ್ಲಿ ಕಂಠಪಾಠ ಮಾಡುತ್ತಾರೆ; ಅವು ಗತಿಸಿದ ನಿಯಮವೊಂದರ ಅವಶೇಷಗಳೆಂದು ಅವರಿಗೆ ತಿಳಿಸುವವರು ವಿರಳ.

1887ರಲ್ಲಿ ಜಾಮೆನ್‌ಹಾಫರು ಪ್ರಕಟಿಸಿದ ಎಸ್ಪೆರಾಂಟೊ ಎಂಬ ಇನ್ನೊಂದು ಕಲ್ಪಿತ ಭಾಷೆಯಲ್ಲಾದರೋ ಈ ತೊಡಕೇ ಇಲ್ಲ. ಸಕಲ ನಾಮಪದಗಳಿಗೂ ಒಂದೇ ಬಹುವಚನ ಪ್ರತ್ಯಯ, 'ದೋಮೋ' 'ದೋಮೋಯ್' ಆದಂತೆ. ನಾನಾ ದೇಶದವರು ಶೀಘ್ರವಾಗಿ ಕಲಿಯಬೇಕಾದ ಭಾಷೆಗೆ ಅದು ಯೋಗ್ಯವೇ ಸರಿ. ಆದರೆ ಭಾಷೆಗಳು ಹೇಗೆ ಬೆಳೆಯುತ್ತವೆಂಬುದನ್ನು ಅರಿಯಬಯಸುವವನಿಗೆ ಅಪವಾದಗಳಿಲ್ಲದ ಆ ಸೌಲಭ್ಯಕ್ಕಿಂತ, ಸಕಾರಣವಾದ ಅಪವಾದಗಳುಳ್ಳ ಸಿಂದರಿನ್ನೇ ಹೆಚ್ಚಿನ ಗುರು.

ಆದುದರಿಂದ ವ್ಯಾಕರಣವನ್ನು ಬೋಧಿಸುವವರಲ್ಲಿ ನನ್ನದೊಂದು ವಿಜ್ಞಾಪನೆ: ಕನ್ನಡವಾಗಲಿ ಇಂಗ್ಲಿಷಾಗಲಿ, ಅಪವಾದವೊಂದು ಎದುರಾದಾಗ 'ಇದು ಹೀಗೆಯೇ, ನೆನಪಿಟ್ಟುಕೊಳ್ಳಿ' ಎಂದು ಮುಂದಕ್ಕೆ ಸಾಗದೆ, ಅದು ಹಾಗಾದ ಬಗೆಯನ್ನು ನಾಲ್ಕು ಮಾತುಗಳಲ್ಲಿಯಾದರೂ ವಿದ್ಯಾರ್ಥಿಗೆ ವಿವರಿಸಿರಿ, ಕಾರಣವನ್ನು ಬಲ್ಲವನಿಗೆ ಕಂಠಪಾಠದ ಭಾರವು ತಾನಾಗಿಯೇ ಹಗುರವಾಗುತ್ತದೆ.